ಮೊದಲು ಭುಜ ನೋಡಿ: ಬಿಲ್ ಕನಿಂಗ್‌ಹ್ಯಾಮ್ ಸಿನಿಮಾದಿಂದ ಬೀದಿ ಫೋಟೋ ಕಲಿಯುವ ಬಗೆ

ಬೀದಿಯಲ್ಲಿ ಓಡಾಡುವವರ ಉಡುಪಿನ ಫೋಟೋ ತೆಗೆಯುವ ಆಸೆ ಇದ್ದರೆ, ಕ್ಯಾಮೆರಾ ಅಂಗಡಿಗೆ ಆಮೇಲೆ ಹೋಗಿ. ಮೊದಲು ‘ಬಿಲ್ ಕನಿಂಗ್‌ಹ್ಯಾಮ್ ನ್ಯೂಯಾರ್ಕ್’ ಎಂಬ ಸಾಕ್ಷ್ಯಚಿತ್ರ ನೋಡಿ. ರಿಚರ್ಡ್ ಪ್ರೆಸ್ ನಿರ್ದೇಶಿಸಿದ 2010ರ ಸಿನಿಮಾ ಅದು. ಒಂದೂವರೆ ಗಂಟೆಯೂ ಇಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ದಶಕಗಳ ಕಾಲ ಬೀದಿ ಫ್ಯಾಷನ್ ಫೋಟೋ ತೆಗೆದ ಬಿಲ್ ಅದರಲ್ಲಿ ಸುಮಾರು 80ರ ವಯಸ್ಸಿನವರು. ಸೈಕಲ್ ತುಳಿದುಕೊಂಡು, ಟ್ಯಾಕ್ಸಿಗಳ ನಡುವೆ ನುಗ್ಗಿಕೊಂಡು, ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡು ಊರೆಲ್ಲಾ ಸುತ್ತುತ್ತಾರೆ. 2016ರಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ತನಕ ಕೆಲಸ ಬಿಡಲಿಲ್ಲ.

ನಾನು ನ್ಯೂಯಾರ್ಕ್‌ನಲ್ಲಿ ಬಟ್ಟೆ ಆಲ್ಟರೇಷನ್ ಮಾಡುವವಳು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೋಟಿನ ಲೈನಿಂಗ್ ಬದಲಿಸುವುದು, ಜಿಪ್ ಹಾಕುವುದು, ಸೊಂಟ ಬಿಡಿಸಿ ಹೊಲಿಯುವುದು, ಇದೇ ಕೆಲಸ. ಬಿಡುವಿದ್ದಾಗ ಕ್ಯಾಮೆರಾ ಹಿಡಿದು ಬೀದಿಗೆ ಹೋಗುತ್ತೇನೆ. ಈ ಸಿನಿಮಾ ನೋಡಿದ ಹೆಚ್ಚಿನವರು ‘ಎಂಥ ಒಳ್ಳೆಯ ಅಜ್ಜ’ ಎಂದು ಕಣ್ಣೊರೆಸಿಕೊಂಡು ಎದ್ದುಬಿಡುತ್ತಾರೆ. ನನಗೆ ಅಷ್ಟು ಸಾಲದು. ಬಿಲ್ ಫೋಟೋಗ್ರಾಫರ್ ಆಗುವ ಮೊದಲು ಟೋಪಿ ಮಾಡುತ್ತಿದ್ದವರು. ‘ವಿಲಿಯಂ ಜೆ.’ ಎಂಬ ಹೆಸರಿನಲ್ಲಿ ಹೆಂಗಸರ ಟೋಪಿ ತಯಾರಿಸಿ ಮಾರುತ್ತಿದ್ದರು. ಬಟ್ಟೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜೋಲುತ್ತದೆ ಎಂಬುದು ಅವರ ಬೆರಳುಗಳಿಗೆ ಗೊತ್ತಿತ್ತು. ಆ ತಿಳಿವಳಿಕೆಯೇ ಅವರ ಫೋಟೋಗಳಲ್ಲಿ ಕಾಣುವುದು. ಅದನ್ನು ಯಾರು ಬೇಕಾದರೂ ಕಲಿಯಬಹುದು ಎಂದು ನಾನು ನಂಬುತ್ತೇನೆ. ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಸಿನಿಮಾ ನೋಡುವ ಕ್ರಮ

ಮೊದಲ ಸಲ ಸುಮ್ನೆ ನೋಡಿ. ನಗಬೇಕಾದ ಕಡೆ ನಗಿ. ಕಾರ್ನೆಗಿ ಹಾಲ್ ಎಂಬ ಸಂಗೀತ ಸಭಾಂಗಣದ ಕಟ್ಟಡದ ಮೇಲೆ ಬಿಲ್ ವಾಸವಿದ್ದ ಆ ಪುಟ್ಟ ಸ್ಟುಡಿಯೋ, ಒಂದಕ್ಕೊಂದು ಒತ್ತಿಕೊಂಡು ನಿಂತ ಫೈಲಿಂಗ್ ಕ್ಯಾಬಿನೆಟ್‌ಗಳು, ಅವುಗಳ ನಡುವೆ ಮಲಗುವ ಹಲಗೆ. ಅಡುಗೆಮನೆ ಇಲ್ಲ, ಸ್ವಂತ ಬಚ್ಚಲುಮನೆಯೂ ಇಲ್ಲ. ಪಕ್ಕದಲ್ಲಿ ವರ್ಷಾನುಗಟ್ಟಲೆ ಅಲ್ಲೇ ಇದ್ದ ಫೋಟೋಗ್ರಾಫರ್ ಎಡಿತಾ ಶರ್ಮನ್. ಅಲ್ಲಿ ವಾಸವಿದ್ದವರನ್ನೆಲ್ಲ ಮನೆ ಖಾಲಿ ಮಾಡಿಸುತ್ತಿದ್ದ ಕಾಲ ಅದು. ಇವೆಲ್ಲ ಮನಸ್ಸಿಗೆ ಇಳಿಯಲಿ.

ಎರಡನೇ ಸಲ ಧ್ವನಿ ಪೂರ್ತಿ ಕಡಿಮೆ ಮಾಡಿ. ಮಾತು ಕೇಳುವಾಗ ನಮ್ಮ ಕಣ್ಣು ಮುಖದ ಮೇಲೇ ಇರುತ್ತದೆ. ಧ್ವನಿ ಇಲ್ಲದಿದ್ದರೆ ಬಿಲ್ ಅವರ ಕಾಲು, ಕೈ, ಕತ್ತು ಕಾಣಿಸುತ್ತವೆ. ಕ್ಯಾಮೆರಾ ಎತ್ತುತ್ತಾರೆ, ಕ್ಲಿಕ್, ಇಳಿಸುತ್ತಾರೆ. ಎತ್ತಿಕೊಂಡೇ ಕಾಯುವುದಿಲ್ಲ. ಯಾರಾದರೂ ದಾಟಿ ಹೋದ ಮೇಲೂ ಕತ್ತು ಅವರ ಹಿಂದೆಯೇ ತಿರುಗುತ್ತದೆ. ಬಟ್ಟೆಗೆ ಹಿಂಭಾಗವೂ ಇದೆ ಅಲ್ವಾ? ಬೇರೆಯವರು ಮುಂಭಾಗ ಮಾತ್ರ ಹಿಡಿದು ಸುಮ್ಮನಾಗುವ ಕಡೆ ಬಿಲ್ ಎರಡು ಹೆಜ್ಜೆ ಓಡುತ್ತಾರೆ. ಆ ಎರಡು ಹೆಜ್ಜೆ ಗಮನಿಸಿ. ಸಿನಿಮಾ ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ನೋಡಿ.

ಮೂರನೇ ಸಲ ಪತ್ರಿಕೆಯ ಆಫೀಸಿನ ದೃಶ್ಯಗಳನ್ನು ಮಾತ್ರ ನೋಡಿ. ಜಾನ್ ಕರ್ಡೆವಾನ್ ಎಂಬ ಸಹೋದ್ಯೋಗಿಯ ಪಕ್ಕ ಕೂತು ಪುಟ ಕಟ್ಟುವ ದೃಶ್ಯಗಳು ಅವು. ಈ ಚಿತ್ರ ಅಲ್ಲಿ, ಆ ಚಿತ್ರ ಇಲ್ಲಿ ಎಂದು ಇಬ್ಬರೂ ಜಗಳವಾಡುತ್ತಾರೆ, ನಗುತ್ತಾರೆ. ಬೀದಿಯಲ್ಲಿ ನಡೆಯುವುದು ಅರ್ಧ ಕೆಲಸ, ಉಳಿದರ್ಧ ಈ ಮೇಜಿನ ಮೇಲೆ. ಅದಕ್ಕೆ ಕೊನೆಗೆ ಬರುತ್ತೇನೆ.

ಒಂದು ಮೂಲೆ ಹಿಡಿಯಿರಿ

ಬಿಲ್ ಅವರ ಮೂಲೆ ಎಂದರೆ ಫಿಫ್ತ್ ಅವೆನ್ಯೂ ಮತ್ತು 57ನೇ ಸ್ಟ್ರೀಟ್ ಸೇರುವ ಜಾಗ. ಒಂದು ಕಡೆ ಬರ್ಗ್‌ಡಾರ್ಫ್ ಗುಡ್‌ಮನ್ ಎಂಬ ದುಬಾರಿ ಬಟ್ಟೆಯಂಗಡಿ, ಎದುರು ಮೂಲೆಯಲ್ಲಿ ಟಿಫನಿ ಆಭರಣದಂಗಡಿ. ಅವರು ತೀರಿಕೊಂಡ ಮೇಲೆ, 2016ರ ಜುಲೈನಲ್ಲಿ, ಸ್ವಲ್ಪ ದಿನ ಆ ಮೂಲೆಗೆ ಅವರದೇ ಹೆಸರಿನ ಬೋರ್ಡ್ ಹಾಕಿದ್ದರು. ಅಲ್ಲಿ ಅಂಗಡಿಗೆ ಬರುವ ಶ್ರೀಮಂತರು, ಆಫೀಸಿಗೆ ಓಡುವವರು, ಪ್ರವಾಸಿಗಳು, ಪಾರ್ಸೆಲ್ ಹೊತ್ತವರು ಎಲ್ಲರೂ ಒಂದೇ ಸಿಗ್ನಲ್‌ಗೆ ಕಾಯುತ್ತಾರೆ. ದುಬಾರಿ ಕೋಟಿನ ಪಕ್ಕ ಹಳೆಯ ಸ್ವೆಟರ್ ನಿಂತಿರುತ್ತದೆ. ಹೋಲಿಸಿ ನೋಡಲು ಬೇಕಾದದ್ದು ಅದೇ.

ನೀವೂ ಅದೇ ಮೂಲೆಗೆ ಹೋಗಬೇಕು ಎಂದೇನಿಲ್ಲ. ನನ್ನದು ಗಾರ್ಮೆಂಟ್ ಡಿಸ್ಟ್ರಿಕ್ಟ್‌ನಲ್ಲಿ, ಸೆವೆಂತ್ ಅವೆನ್ಯೂ ಮೇಲೆ, 39ನೇ ಸ್ಟ್ರೀಟ್ ಹತ್ತಿರ. ಹೊಲಿಗೆ ಮಷಿನ್ ಮುಂದೆ ಬಗ್ಗಿ ಕೂತ ದರ್ಜಿಯ ಕಂಚಿನ ಪ್ರತಿಮೆ ಇರುವ ಕಡೆ. ಜುಡಿತ್ ವೆಲ್ಲರ್ ಎಂಬ ಶಿಲ್ಪಿ ತನ್ನ ತಂದೆಯನ್ನು ನೆನೆದು ಮಾಡಿದ ಪ್ರತಿಮೆ ಅದು. ನೂಲು, ಜಿಪ್ ತರಲು ಹೇಗೂ ಆ ಕಡೆ ಹೋಗುತ್ತೇನೆ. ಬಟ್ಟೆಯ ಕೆಲಸದವರೇ ಜಾಸ್ತಿ ಓಡಾಡುವ ಜಾಗ. ಫಿಫ್ತ್ ಅವೆನ್ಯೂನಲ್ಲಿ ಕಾಣದ ಉಡುಪು ಇಲ್ಲಿ ಕಾಣುತ್ತದೆ: ತಾನೇ ಕತ್ತರಿಸಿ ಹೊಲಿದ ಸ್ಕರ್ಟ್, ಒಳಗಿನ ಲೈನಿಂಗ್ ಹೊರಗೆ ಬರುವ ಹಾಗೆ ತಿರುಗಿಸಿ ಹಾಕಿದ ಜಾಕೆಟ್.

ಮೂಲೆ ಆರಿಸುವಾಗ ಸಿಗ್ನಲ್ ಇರುವ ಜಾಗ ನೋಡಿ. ಜನ ನಿಲ್ಲುತ್ತಾರೆ, ಆಮೇಲೆ ಒಟ್ಟಿಗೆ ನಡೆಯುತ್ತಾರೆ. ನಿಂತಾಗ ನೀವು ಆರಿಸಿಕೊಳ್ಳಬಹುದು, ನಡೆದಾಗ ತೆಗೆಯಬಹುದು. ನಿಂತ ಬಟ್ಟೆಗಿಂತ ನಡೆಯುವ ಬಟ್ಟೆ ಚೆನ್ನ. ನೆರಿಗೆ ಬಿಚ್ಚಿಕೊಳ್ಳುತ್ತದೆ, ಕೋಟಿನ ಅಂಚು ಹಾರುತ್ತದೆ. ಫುಟ್‌ಪಾತ್ ಅಗಲವಾಗಿರಲಿ, ನೀವು ಯಾರಿಗೂ ಅಡ್ಡ ಆಗಬಾರದು. ಬೆಳಕಿನ ವಿಷಯಕ್ಕೆ ಬಂದರೆ, ಪೂರ್ವ ಪಶ್ಚಿಮವಾಗಿ ಹೋಗುವ ಅಡ್ಡ ಬೀದಿಗಳಲ್ಲಿ ಉತ್ತರ ಬದಿಯ ಫುಟ್‌ಪಾತ್‌ಗೆ ಬಿಸಿಲು ಜಾಸ್ತಿ, ದಕ್ಷಿಣ ಬದಿ ಕಟ್ಟಡಗಳ ನೆರಳಿನಲ್ಲಿ ಇರುತ್ತದೆ. ಕಪ್ಪು ಬಟ್ಟೆಯ ಹೊಲಿಗೆ ಕಾಣಬೇಕಿದ್ದರೆ ನೆರಳಿನ ಬದಿಯೇ ಒಳ್ಳೆಯದು. ಹೊಳೆಯುವ ರೇಷ್ಮೆ, ತೆಳು ಬಟ್ಟೆಗೆ ಬಿಸಿಲಿನ ಬದಿ, ಅದರಲ್ಲೂ ಸಂಜೆ ಪಶ್ಚಿಮದಿಂದ ಬೀದಿಯುದ್ದಕ್ಕೂ ಬೆಳಕು ಬೀಳುವ ಹೊತ್ತು.

ಒಂದು ಸಲ ಆರಿಸಿದ ಮೇಲೆ ಮೂಲೆ ಬದಲಿಸಬೇಡಿ. ಹೊತ್ತನ್ನೂ ಬದಲಿಸಬೇಡಿ. ಇವತ್ತು ಬೆಳಿಗ್ಗೆ ಒಂದು ಕಡೆ, ನಾಳೆ ರಾತ್ರಿ ಇನ್ನೊಂದು ಕಡೆ ನಿಂತರೆ ಉಡುಪು ಬದಲಾಗಿದೆಯೋ ಜಾಗ ಬದಲಾಗಿದೆಯೋ ತಿಳಿಯುವುದಿಲ್ಲ.

ಏನು ನೋಡಬೇಕು

ಇದೇ ಮುಖ್ಯ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

1978ರಲ್ಲಿ ಬಿಲ್ ಒಬ್ಬ ಹೆಂಗಸಿನ ಫೋಟೋ ತೆಗೆದರು. ಅವರ ಕಣ್ಣಿಗೆ ಬಿದ್ದದ್ದು ಆಕೆಯ ತುಪ್ಪಳದ ಕೋಟಿನ ಭುಜ. ಎಷ್ಟು ಚೆಂದ ಕತ್ತರಿಸಿದ್ದಾರೆ ಎಂದು ತೆಗೆದದ್ದು. ಆಕೆ ಗ್ರೇಟಾ ಗಾರ್ಬೊ ಎಂದು ಅವರಿಗೆ ಆಮೇಲೆ ಗೊತ್ತಾಯಿತು. ನಟನೆ ಬಿಟ್ಟು, ಕ್ಯಾಮೆರಾ ಕಂಡರೆ ಮುಖ ಮುಚ್ಚಿಕೊಂಡು ಓಡಾಡುತ್ತಿದ್ದ ಹಾಲಿವುಡ್ ತಾರೆ ಗಾರ್ಬೊ. ಆ ವರ್ಷದ ಡಿಸೆಂಬರ್ 30ರಂದು ಆ ಚಿತ್ರ ಬೇರೆ ಚಿತ್ರಗಳ ಜೊತೆ ಟೈಮ್ಸ್‌ನಲ್ಲಿ ಬಂತು. ಅಲ್ಲಿಂದ ಮುಂದೆ ಬಿಲ್ ಆ ಪತ್ರಿಕೆಯಲ್ಲಿ ಕಾಯಂ ಆಗಿ ಕಾಣಿಸಿಕೊಂಡರು.

ಈ ಕಥೆಯನ್ನು ಎಲ್ಲರೂ ‘ಅದೃಷ್ಟ ನೋಡಿ’ ಎಂದು ಹೇಳುತ್ತಾರೆ. ನಾನು ಬೇರೆ ರೀತಿ ಓದುತ್ತೇನೆ. ಭುಜ ನೋಡುವ ಕಣ್ಣಿಗೆ ಮಾತ್ರ ಗಾರ್ಬೊ ಸಿಕ್ಕಳು. ಮುಖ ಹುಡುಕುವವರ ಕಣ್ಣಿಗೆ ಆಕೆ ಮುಖವನ್ನೇ ಕೊಡುತ್ತಿರಲಿಲ್ಲ.

ಭುಜದಿಂದಲೇ ಶುರು ಮಾಡಿ. ಕೋಟು ಇರಲಿ, ಶರ್ಟ್ ಇರಲಿ, ತೋಳು ಸೇರುವ ಹೊಲಿಗೆ ಎಲ್ಲಿದೆ? ಸರಿಯಾಗಿ ಭುಜದ ಮೂಳೆಯ ತುದಿಯಲ್ಲಿದ್ದರೆ ಅಳತೆ ಕೊಟ್ಟು ಹೊಲಿಸಿದ್ದು, ಇಲ್ಲವೇ ಚೆನ್ನಾಗಿ ಆರಿಸಿದ್ದು. ತೋಳಿನ ಮೇಲೆ ಜಾರಿದ್ದರೆ ಬೇಕೆಂದೇ ದೊಡ್ಡದು ಹಾಕಿದ್ದಾರೋ, ಬೇರೆ ಯಾರದೋ ಕೋಟೋ ನೋಡಿ. ಬೇಕೆಂದೇ ದೊಡ್ಡದು ಹಾಕಿದವರು ತೋಳನ್ನು ಮಡಚಿರುತ್ತಾರೆ, ಕಾಲರ್ ಎತ್ತಿರುತ್ತಾರೆ, ಸೊಂಟಕ್ಕೆ ಬೆಲ್ಟ್ ಕಟ್ಟಿರುತ್ತಾರೆ. ಬಟ್ಟೆಯನ್ನು ತಮ್ಮದು ಮಾಡಿಕೊಂಡಿರುತ್ತಾರೆ. ಬಿಲ್ ಅವರ ಚಿತ್ರಗಳಲ್ಲಿ ಜೀವ ಇರುವುದು ಇಂಥವರಿಂದ.

ಆಮೇಲೆ ಕೆಳಗೆ ಇಳಿಯಿರಿ. ಪ್ಯಾಂಟ್ ಶೂಗಳ ಮೇಲೆ ಮಡಚಿ ಕೂರುತ್ತದೆಯೋ, ಶೂ ಮುಟ್ಟದೆ ಮೇಲೆಯೇ ನಿಲ್ಲುತ್ತದೆಯೋ? ಈ ಎರಡು ಬೆರಳಿನ ವ್ಯತ್ಯಾಸದಲ್ಲಿ ಕಾಲ ಬದಲಾಗುತ್ತದೆ. ನನ್ನ ಮೇಜಿನ ಮೇಲೆ ಇದು ಮೊದಲು ಕಾಣುತ್ತದೆ. ಕೆಲವು ತಿಂಗಳು ಎಲ್ಲರೂ ಮೋಟು ಮಾಡಿ ಅನ್ನುತ್ತಾರೆ. ಆಮೇಲೆ ಅದೇ ಜನ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡಿ ಎಂದು ಬರುತ್ತಾರೆ. ಶೂ ಬಿಡಬೇಡಿ. ಕತ್ತಿನಿಂದ ಮೇಲೆ ತುಂಡಾದರೆ ಪರವಾಗಿಲ್ಲ, ಪಾದ ತುಂಡಾದ ಫ್ಯಾಷನ್ ಫೋಟೋ ಯಾವ ಕೆಲಸಕ್ಕೂ ಬಾರದು.

ಮೂರನೆಯದಾಗಿ, ಸಣ್ಣ ತಿದ್ದುಪಡಿಗಳು. ಸೇಫ್ಟಿ ಪಿನ್ನು, ಬೇರೆ ಬಣ್ಣದ ಗುಂಡಿ, ಗಂಟು ಹಾಕಿದ ಸ್ಕಾರ್ಫ್, ತೇಪೆ. ಅಂಗಡಿಯಲ್ಲಿ ಸಿಗದ್ದು ಇಲ್ಲಿದೆ. ಎರವಲು ತಂದ ಉಡುಪು ಹಾಕಿಕೊಂಡು ಬರುವವರನ್ನು ತೆಗೆಯಲು ಬಿಲ್‌ಗೆ ಇಷ್ಟವಿರಲಿಲ್ಲ. ತಮ್ಮ ದುಡ್ಡಿನಿಂದ ಕೊಂಡು, ತಮ್ಮ ಬುದ್ಧಿಯಿಂದ ಉಟ್ಟವರು ಬೇಕಿತ್ತು. ಸಿನಿಮಾದಲ್ಲಿ ದಪ್ಪ ಕನ್ನಡಕ, ರಾಶಿ ಬಳೆಗಳ ಐರಿಸ್ ಆಪ್‌ಫೆಲ್ ಬರುತ್ತಾರೆ. ಕಣ್ಣು ಕುಕ್ಕುವ ಬಣ್ಣದ ಸೂಟು ತೊಟ್ಟ ನೇಪಾಳದ ಶೈಲ್ ಉಪಾಧ್ಯಾಯ ಬರುತ್ತಾರೆ, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದವರು. ವೋಗ್ ಫ್ಯಾಷನ್ ಪತ್ರಿಕೆಯ ಆನಾ ವಿಂಟೂರ್ ಕೂಡ ನಾವೆಲ್ಲ ಬಟ್ಟೆ ಹಾಕಿಕೊಳ್ಳುವುದೇ ಬಿಲ್‌ಗೋಸ್ಕರ ಎನ್ನುತ್ತಾರೆ. ಈ ಮೂವರ ಉಡುಪು ಒಂದನ್ನೊಂದು ಹೋಲುವುದೇ ಇಲ್ಲ. ಮೂವರೂ ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಯೋಚಿಸಿದವರು, ಅಷ್ಟೇ.

ಕಣ್ಣು ಪಳಗಿಸಲು ಒಂದು ಅಭ್ಯಾಸ ಹೇಳುತ್ತೇನೆ. ಕ್ಯಾಮೆರಾ ಮನೆಯಲ್ಲಿ ಬಿಟ್ಟು, ಪೆನ್ಸಿಲ್ ಮತ್ತು ನೋಟ್‌ಬುಕ್ ಹಿಡಿದು ಮೂಲೆಗೆ ಹೋಗಿ. ಒಬ್ಬರನ್ನು ನೋಡಿ. ಅವರು ದಾಟಿ ಹೋದ ಮೇಲೆ ಬರೆಯಿರಿ: ಕಾಲರ್ ಯಾವ ಥರ, ತೋಳು ಎಲ್ಲಿ ಮುಗಿಯಿತು, ಜೇಬು ಎಲ್ಲಿತ್ತು, ಅಂಚು ಮಡಚಿ ಹೊಲಿದದ್ದೋ ಹಾಗೇ ಬಿಟ್ಟದ್ದೋ. ಮೊದಮೊದಲು ಬಣ್ಣ ಮಾತ್ರ ನೆನಪಿರುತ್ತದೆ. ಸ್ವಲ್ಪ ದಿನದಲ್ಲಿ ಹೊಲಿಗೆ ಕಾಣಲು ಶುರುವಾಗುತ್ತದೆ. ಕ್ಯಾಮೆರಾ ಆಮೇಲೆ ಎತ್ತಿಕೊಳ್ಳಿ. ಬಿಲ್‌ಗೆ ಮೊದಲ ಕ್ಯಾಮೆರಾ ಕೊಟ್ಟ ಫೋಟೋಗ್ರಾಫರ್ ಡೇವಿಡ್ ಮಾಂಟ್‌ಗೊಮರಿ ಇದನ್ನೇ ಹೇಳಿದ್ದು: ಇದನ್ನು ನೋಟ್‌ಬುಕ್ ಥರ ಬಳಸು. ಅದು 1960ರ ದಶಕದ ಮಾತು. ಸುಮಾರು 35 ಡಾಲರಿನ ಪುಟ್ಟ ಒಲಿಂಪಸ್ ಪೆನ್, ಒಂದು ಫ್ರೇಮಿನ ಜಾಗದಲ್ಲಿ ಎರಡು ಚಿತ್ರ ತೆಗೆಯುವ ಕ್ಯಾಮೆರಾ.

ಇನ್ನೊಂದು ಮಾತು. ‘ಇವತ್ತು ಕೆಂಪು ಕೋಟುಗಳನ್ನು ತೆಗೆಯುತ್ತೇನೆ’ ಎಂದು ಮೊದಲೇ ತೀರ್ಮಾನ ಮಾಡಿ ಹೋಗಬೇಡಿ. ಬಿಲ್ ಯಾವತ್ತೂ ಹಾಗೆ ಹೋಗುತ್ತಿರಲಿಲ್ಲ. ಬೀದಿ ಏನು ಹೇಳುತ್ತದೋ ಕೇಳೋಣ ಎಂದು ಹೊರಡುತ್ತಿದ್ದರು. ಕೆಂಪು ಹುಡುಕಿಕೊಂಡು ಹೋದವರಿಗೆ ಕೆಂಪೇ ಸಿಗುತ್ತದೆ, ಪಕ್ಕದಲ್ಲೇ ಹೋದ ಹೊಸ ಥರದ ತೋಳು ತಪ್ಪಿಹೋಗುತ್ತದೆ.

ಕ್ಯಾಮೆರಾ ಮತ್ತು ಅಳತೆ

ಇದನ್ನು ಬೇಗ ಮುಗಿಸುತ್ತೇನೆ. ನಿಮ್ಮ ಹತ್ತಿರ ಇರುವ ಕ್ಯಾಮೆರಾ ಸಾಕು. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದ ಲೆಕ್ಕದಲ್ಲಿ 35 ಅಥವಾ 50 ಮಿ.ಮೀ. ಲೆನ್ಸ್ ಇರಲಿ. ಕ್ಯಾಮೆರಾ ಉದ್ದಕ್ಕೆ ಹಿಡಿದು 3 ಮೀಟರ್ ದೂರದಿಂದ ತೆಗೆದರೆ 50ರಲ್ಲಿ ಸುಮಾರು 2 ಮೀಟರ್ ಎತ್ತರ ಸಿಗುತ್ತದೆ. ಒಬ್ಬರು ತಲೆಯಿಂದ ಪಾದದ ತನಕ ಬರುತ್ತಾರೆ, ಜಾಗ ಮಾತ್ರ ಬಿಗಿ. 35ರಲ್ಲಿ 3 ಮೀಟರ್ ಎತ್ತರ ಸಿಗುತ್ತದೆ, ಆರಾಮ. ಶಟರ್ ವೇಗ 1/500 ಸೆಕೆಂಡ್ ಇಡಿ, ನಡೆಯುವವರ ಕಾಲು ಮಸುಕಾಗುವುದಿಲ್ಲ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್/8 ಇಟ್ಟು, 35ರ ಲೆನ್ಸಿನಲ್ಲಿ ಫೋಕಸ್ 3 ಮೀಟರ್‌ಗೆ ಕಟ್ಟಿಬಿಟ್ಟರೆ ಸುಮಾರು 2 ಮೀಟರಿನಿಂದ 7 ಮೀಟರಿನ ತನಕ ಎಲ್ಲವೂ ಸ್ಪಷ್ಟ. ಫೋಕಸ್‌ಗಾಗಿ ತಡಕಾಡುವ ಕೆಲಸವಿಲ್ಲ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ, ಆಟೋ ಇರಲಿ.

ಒಂದು ವಿಷಯ ಮರೆಯಬೇಡಿ. ಕಣ್ಣಿನ ಎತ್ತರದಿಂದ ತೆಗೆದರೆ ಕಾಲು ಗಿಡ್ಡವಾಗಿ, ತಲೆ ದೊಡ್ಡದಾಗಿ ಕಾಣುತ್ತದೆ. ಮೊಣಕಾಲು ಸ್ವಲ್ಪ ಬಗ್ಗಿಸಿ, ಎದುರಿನವರ ಸೊಂಟದ ಮಟ್ಟಕ್ಕೆ ಕ್ಯಾಮೆರಾ ತನ್ನಿ. ಉಡುಪಿನ ಅಳತೆ ಇದ್ದ ಹಾಗೆ ಬರುತ್ತದೆ.

ನೀವು ಏನು ಹಾಕಿಕೊಳ್ಳಬೇಕು? ಬಿಲ್ ಪ್ಯಾರಿಸ್‌ನ ಕೂಲಿಕೆಲಸದವರು ಹಾಕುವ ನೀಲಿ ಜಾಕೆಟ್ ಹಾಕುತ್ತಿದ್ದರು. ಅಗ್ಗದ್ದು, ತುಂಬಾ ಜೇಬು, ಕ್ಯಾಮೆರಾ ಉಜ್ಜಿ ಉಜ್ಜಿ ಸವೆದರೂ ಚಿಂತೆಯಿಲ್ಲ. ಹರಿದ ಮಳೆಕೋಟಿಗೆ ಕಪ್ಪು ಟೇಪ್ ಅಂಟಿಸಿಕೊಳ್ಳುವ ದೃಶ್ಯ ಸಿನಿಮಾದಲ್ಲಿದೆ. ಬ್ಯಾಗ್ ಹೆಗಲಿಗೇರಿಸಿದರೆ ಓಡಲು ಕಷ್ಟ. ಜೇಬಿರುವ ಜಾಕೆಟ್ ಹಾಕಿ, ಬ್ಯಾಟರಿ, ಕಾರ್ಡು, ನೋಟ್‌ಬುಕ್ ಅದರಲ್ಲೇ ಇಡಿ.

ಯಾರನ್ನೂ ಸಣ್ಣವರಾಗಿ ತೋರಿಸಬೇಡಿ

ಸಿನಿಮಾದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ ಇದು. ಬಿಲ್ ಹಿಂದೆ ವಿಮೆನ್ಸ್ ವೇರ್ ಡೈಲಿ ಪತ್ರಿಕೆಗೆ ಬರೆಯುತ್ತಿದ್ದರು. ಮಾಡೆಲ್‌ಗಳು ವೇದಿಕೆಯ ಮೇಲೆ ಹಾಕಿದ ಉಡುಪನ್ನೇ ಸಾಮಾನ್ಯ ಹೆಂಗಸರು ಬೀದಿಯಲ್ಲಿ ಹೇಗೆ ಹಾಕಿಕೊಂಡಿದ್ದಾರೆ ಎಂದು ಚಿತ್ರ ತೆಗೆದುಕೊಟ್ಟರು. ಅವರು ಬರೆದದ್ದು ಆ ಹೆಂಗಸರನ್ನು ಮೆಚ್ಚಿ. ಪತ್ರಿಕೆಯಲ್ಲಿ ಅಚ್ಚಾಗುವಾಗ ಅದು ಗೇಲಿಯಾಗಿ ಬದಲಾಗಿತ್ತು. ಬಿಲ್‌ಗೆ ತಡೆಯಲಾಗಲಿಲ್ಲ, ಕೆಲಸ ಬಿಟ್ಟರು.

ಹಾಗಾಗಿ ನನ್ನ ನಿಯಮ ಇದು. ಉಡುಪು ಇಷ್ಟವಾದರೆ ಮಾತ್ರ ಕ್ಯಾಮೆರಾ ಎತ್ತುತ್ತೇನೆ. ನಗು ಬಂದರೆ ಎತ್ತುವುದಿಲ್ಲ. ಊಟ ಮಾಡುತ್ತಿರುವವರು, ಅಳುತ್ತಿರುವವರು, ಬೀದಿಯಲ್ಲೇ ಮಲಗಿರುವವರು, ಯಾರ ಚಿತ್ರವನ್ನೂ ತೆಗೆಯುವುದಿಲ್ಲ. ಯಾರಾದರೂ ಕೈ ಅಡ್ಡ ಹಿಡಿದರೆ ಕ್ಯಾಮೆರಾ ಇಳಿಸಿ, ತಲೆಬಾಗಿಸಿ, ಮುಂದೆ ಹೋಗಿ. ಅಳಿಸಿ ಎಂದರೆ ಅವರ ಎದುರಿಗೇ ಅಳಿಸಿ. ‘ನಿಮ್ಮ ಕೋಟಿನ ಕಾಲರ್ ತುಂಬಾ ಚೆನ್ನಾಗಿದೆ’ ಎಂದು ನಿಜವಾಗಿ ಇಷ್ಟವಾದದ್ದನ್ನೇ ಹೇಳಿ. ಸುಮ್ನೆ ‘ಚೆನ್ನಾಗಿದ್ದೀರಿ’ ಎಂದರೆ ಜನ ಹಿಂದೆ ಸರಿಯುತ್ತಾರೆ. ಕಾಲರ್ ಎಂದರೆ ನಿಂತು ಅದನ್ನು ಎಲ್ಲಿ ಕೊಂಡರು, ಯಾರು ಹೊಲಿದರು ಎಂದು ಹೇಳತೊಡಗುತ್ತಾರೆ.

ಕಾನೂನು ಸ್ವಲ್ಪ ತಿಳಿದಿರಲಿ. ನ್ಯೂಯಾರ್ಕ್‌ನ ಬೀದಿಯಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ಫೋಟೋ ತೆಗೆಯಲು ಪರ್ಮಿಟ್ ಬೇಕಿಲ್ಲ. ಸಬ್‌ವೇಯಲ್ಲೂ ತೆಗೆಯಬಹುದು, ಆದರೆ ಟ್ರೈಪಾಡ್, ಲೈಟು, ರಿಫ್ಲೆಕ್ಟರ್ ಇಡಬಾರದು. ರಾಜ್ಯದ ಸಿವಿಲ್ ರೈಟ್ಸ್ ಕಾನೂನಿನ 50 ಮತ್ತು 51ನೇ ಸೆಕ್ಷನ್ ಪ್ರಕಾರ, ಒಬ್ಬರ ಚಿತ್ರವನ್ನು ಜಾಹೀರಾತಿಗೋ ವ್ಯಾಪಾರಕ್ಕೋ ಬಳಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು. ಮಕ್ಕಳಾದರೆ ತಂದೆ ತಾಯಿಯದು. ಸುದ್ದಿ ಮತ್ತು ಕಲೆಗೆ ವಿನಾಯಿತಿ ಇದೆ. ಟೈಮ್ಸ್ ಸ್ಕ್ವೇರ್‌ನಲ್ಲಿ ದಾರಿಹೋಕರ ಮುಖ ತೆಗೆದು ಪ್ರದರ್ಶಿಸಿದ ಫಿಲಿಪ್-ಲೋರ್ಕಾ ಡಿಕೋರ್ಸಿಯಾ ಮೇಲಿನ ಕೇಸು 2006ರಲ್ಲಿ ಈ ಕಾರಣಕ್ಕೇ ಬಿದ್ದುಹೋಯಿತು. ಕಾನೂನು ಬಿಟ್ಟರೂ ಮಕ್ಕಳ ಚಿತ್ರವನ್ನು ನಾನು ಕೇಳದೆ ತೆಗೆಯುವುದಿಲ್ಲ.

ಮಳೆ ಬಂದರೆ ಹೊರಗೆ ಹೋಗಿ

ಮಳೆ, ಹಿಮ ಬಂದಾಗ ಬೇರೆಯವರು ಒಳಗೆ ಓಡುತ್ತಾರೆ, ಬಿಲ್ ಹೊರಗೆ ಓಡುತ್ತಿದ್ದರು. ಆಗ ಜನ ನಿಮ್ಮನ್ನು ಮರೆತುಬಿಡುತ್ತಾರೆ. ಪೋಸು ಕೊಡಲು ಪುರಸೊತ್ತಿಲ್ಲ. ಕರಗಿದ ಹಿಮದ ಕೊಚ್ಚೆಯನ್ನು ದುಬಾರಿ ಶೂ ಹಾಕಿದವರು ಎಗರಿ ದಾಟುವುದನ್ನು ಅವರು ವರ್ಷ ವರ್ಷವೂ ತೆಗೆದಿದ್ದಾರೆ. ಅಂಥ ದಿನ ರಸ್ತೆ ದಾಟುವ ಕಡೆ ನೀರು ನಿಲ್ಲುವ ಜಾಗ ಹುಡುಕಿ, ಎದುರು ಬದಿಯಲ್ಲಿ ನಿಲ್ಲಿ. ಶಟರ್ 1/1000 ಮಾಡಿ. ಕಾಲು ಗಾಳಿಯಲ್ಲಿರುವಾಗ ಕೋಟು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಲೈನಿಂಗ್ ಯಾವ ಬಣ್ಣ ಎಂದು ಆಗ ಗೊತ್ತಾಗುತ್ತದೆ.

ಮೇಜಿನ ಮೇಲಿನ ಕೆಲಸ

ಬಿಲ್ ಅವರ ‘ಆನ್ ದಿ ಸ್ಟ್ರೀಟ್’ ಅಂಕಣದಲ್ಲಿ ಒಂದೇ ದೊಡ್ಡ ಚಿತ್ರ ಇರುತ್ತಿರಲಿಲ್ಲ. ಸಣ್ಣ ಸಣ್ಣ ಚಿತ್ರಗಳು ಒಟ್ಟಿಗೆ, ಎಲ್ಲದರಲ್ಲೂ ಒಂದೇ ವಿಚಾರ. ಒಬ್ಬಳು ಚಿರತೆ ಚುಕ್ಕೆಯ ಕೋಟು ಹಾಕಿದರೆ ಅದು ಅವಳ ಇಷ್ಟ. ಒಂದೇ ವಾರ ಅಷ್ಟೊಂದು ಜನ ಹಾಕಿದ್ದನ್ನು ಒಂದೇ ಪುಟದಲ್ಲಿ ನೋಡಿದರೆ ಊರಿನ ಮನಸ್ಸು ಕಾಣುತ್ತದೆ.

ಮನೆಗೆ ಬಂದ ಮೇಲೆ ಚಿತ್ರಗಳನ್ನು ಒಂದೊಂದಾಗಿ ಚೆಂದ ಮಾಡಲು ಕೂರಬೇಡಿ. ಎಲ್ಲವನ್ನೂ ಸಣ್ಣದಾಗಿ ಪ್ರಿಂಟ್ ಹಾಕಿಸಿ. ಹಿಂದೆ ದಿನಾಂಕ, ಮೂಲೆ, ಹೊತ್ತು ಬರೆಯಿರಿ. ನೆಲದ ಮೇಲೆ ಹರಡಿ. ಹೋಲುವವುಗಳನ್ನು ಹತ್ತಿರ ತನ್ನಿ. ಬಣ್ಣ ನೋಡಿ ಗುಂಪು ಮಾಡುವುದು ಸುಲಭ, ಅದಕ್ಕೇ ನಿಲ್ಲಿಸಬೇಡಿ. ಅಂಚು ನೋಡಿ, ತೋಳು ನೋಡಿ, ಜನ ಬ್ಯಾಗ್ ಹಿಡಿಯುವ ರೀತಿ ನೋಡಿ. ಒಂದು ಸಲ ನನ್ನ ಗುಂಪಿನಲ್ಲಿ ಎದ್ದು ಕಂಡದ್ದು ಬೆಲ್ಟು. ಕೋಟಿನದೇ ಬೆಲ್ಟನ್ನು ಮುಂದೆ ಕಟ್ಟದೆ ಬೆನ್ನಿಗೆ ಗಂಟು ಹಾಕಿದವರು ಎಷ್ಟೊಂದು ಜನ. ನಾನು ಹಿಂದಿನಿಂದ ತೆಗೆದಿದ್ದರಿಂದ ಮಾತ್ರ ಅದು ಸಿಕ್ಕಿತು. ಬೀದಿಯಲ್ಲಿ ನಿಂತಾಗ ಅದು ಗಮನಕ್ಕೇ ಬಂದಿರಲಿಲ್ಲ.

ಗುಂಪಿಗೆ ಸೇರದ ಚಿತ್ರ ಬಿಸಾಡಬೇಡಿ. ಫೈಲಿನಲ್ಲಿ ಇಡಿ. ಬಿಲ್ ಕಾರ್ನೆಗಿ ಹಾಲ್ ಬಿಟ್ಟು ಹೊಸ ಮನೆಗೆ ಹೋದಾಗಲೂ ಅಡುಗೆಮನೆ ತೆಗೆಸಿ ಆ ಜಾಗಕ್ಕೆ ಕ್ಯಾಬಿನೆಟ್ ಇಡಿಸಿದರು. ಹಳೆಯ ಚಿತ್ರ ಕೈಗೆ ಸಿಗುವ ಹಾಗಿದ್ದರೆ ಮಾತ್ರ ಇವತ್ತಿನ ತೋಳು ಹೊಸದೋ, ಹಿಂದೆ ಬಂದು ಹೋದದ್ದೋ ಎಂದು ಹೇಳಬಹುದು. ಎಡಿತಾ ಶರ್ಮನ್ ಅವರಿಗೆ ಹಳೆಯ ಕಾಲದ ಉಡುಪು ಹಾಕಿಸಿ, ಅದೇ ಕಾಲದ ಕಟ್ಟಡಗಳ ಮುಂದೆ ನಿಲ್ಲಿಸಿ ತೆಗೆದ ‘ಫಸಾಡ್ಸ್’ ಸರಣಿಗೆ ಬಿಲ್ ಎಂಟು ವರ್ಷ ಕೊಟ್ಟರು, 1968ರಿಂದ 1976ರ ತನಕ. ಇವತ್ತಿನ ಬೀದಿಯನ್ನು ಅಷ್ಟು ಬೇಗ ಓದುತ್ತಿದ್ದರೆಂದರೆ ಅದರ ಹಿಂದೆ ಇಷ್ಟು ಓದು ಇತ್ತು.

ದುಡ್ಡಿನ ಬಗ್ಗೆಯೂ ಒಂದು ಮಾತು. ‘ಡೀಟೇಲ್ಸ್’ ಪತ್ರಿಕೆಗೆ ಕೆಲಸ ಮಾಡುವಾಗ ಬಿಲ್ ಚೆಕ್ ಹರಿದು ಹಾಕುತ್ತಿದ್ದರು. ದುಡ್ಡು ತಗೊಳ್ಳದಿದ್ದರೆ ಏನು ಮಾಡಬೇಕು ಎಂದು ಯಾರೂ ಹೇಳಲಾಗದು ಎಂಬುದು ಅವರ ವಾದ. ದೊಡ್ಡವರ ಪಾರ್ಟಿಗಳಿಗೆ ಹೋದಾಗ ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ಹೊಟ್ಟೆಪಾಡು ಇರುವ ನಾವು ಚೆಕ್ ಹರಿಯಬೇಕಿಲ್ಲ. ಆದರೆ ಬ್ರಾಂಡಿನವರು ಉಚಿತವಾಗಿ ಕೋಟು ಕೊಟ್ಟು, ಅದನ್ನು ಹಾಕಿದವರ ಚಿತ್ರ ಹಾಕಿ ಎಂದರೆ ಬೇಡ ಅನ್ನಿ. ಆ ಒಂದು ಚಿತ್ರ ಪುಟದಲ್ಲಿ ಸೇರಿದರೆ ಮಿಕ್ಕವನ್ನೂ ಓದುಗರು ನಂಬುವುದಿಲ್ಲ.

ಇಂಥ ಹಿರಿಯರೊಬ್ಬರ ಸಿನಿಮಾ ಮಾಡಬೇಕೆಂದರೆ

ನಿಮ್ಮ ಕಣ್ಣಿಗೂ ಬಿಲ್ ಅಂಥ ಹಿರಿಯರು ಬಿದ್ದು, ಅವರನ್ನು ಚಿತ್ರೀಕರಿಸುವ ಆಸೆ ಹುಟ್ಟಬಹುದು. ರಿಚರ್ಡ್ ಪ್ರೆಸ್ ಮಾಡಿದ್ದನ್ನು ನೋಡಿ. ಬಿಲ್ ಅವರನ್ನು ಒಪ್ಪಿಸಲು 8 ವರ್ಷ ಹಿಡಿಯಿತು. ಚಿತ್ರೀಕರಣ ಮತ್ತು ಎಡಿಟಿಂಗ್‌ಗೆ 2 ವರ್ಷ. ನಿರ್ಮಾಪಕ ಫಿಲಿಪ್ ಗೆಫ್ಟರ್ ಅದೇ ಪತ್ರಿಕೆಯಲ್ಲಿ ಇದ್ದವರು, ಬಿಲ್‌ಗೆ ಪರಿಚಿತರು. ದೊಡ್ಡ ತಂಡ, ದೊಡ್ಡ ಕ್ಯಾಮೆರಾ, ಉದ್ದ ಕೋಲಿನ ಮೈಕು ಏನೂ ಇರಲಿಲ್ಲ. ಸಣ್ಣ ಕ್ಯಾಮೆರಾಗಳಲ್ಲೇ ತೆಗೆದರು. ಬೇರೆಯವರು ಕಾಣದಂತೆ ಕೆಲಸ ಮಾಡುವ ಮನುಷ್ಯನ ಸುತ್ತ ಹತ್ತು ಜನ ನಿಂತರೆ ಅವರ ಕೆಲಸವೇ ಕೆಟ್ಟುಹೋಗುತ್ತದೆ.

ನೀವೂ ಮೊದಲು ಕ್ಯಾಮೆರಾ ಇಲ್ಲದೆ ಹೋಗಿ. ಅವರ ಜೊತೆ ನಡೆಯಿರಿ, ಚೀಲ ಹಿಡಿದುಕೊಳ್ಳಿ. ಕೆಲಸದ ಹೊತ್ತಿನಲ್ಲಿ ಪ್ರಶ್ನೆ ಕೇಳಬೇಡಿ. ಅವರನ್ನು ನಿಲ್ಲಿಸಿ ‘ಇನ್ನೊಮ್ಮೆ ದಾಟಿ’ ಎನ್ನಬೇಡಿ, ಬೀದಿಯಲ್ಲಿ ಎರಡನೇ ಸಲ ಅನ್ನುವುದೇ ಇಲ್ಲ. ಅವರು ಅಕ್ಕಪಕ್ಕದವರ ಜೊತೆ ಮಾತನಾಡುವುದನ್ನು ತೆಗೆಯಿರಿ, ನಿಮ್ಮ ಜೊತೆ ಮಾತನಾಡುವುದಕ್ಕಿಂತ ಅದು ಸಹಜ.

ವೈಯಕ್ತಿಕ ಪ್ರಶ್ನೆಗಳನ್ನು ಕೊನೆಗೆ ಇಟ್ಟುಕೊಳ್ಳಿ, ಉತ್ತರ ಕೊಡಲೇಬೇಕಿಲ್ಲ ಎಂದು ಮೊದಲೇ ಹೇಳಿ. ಈ ಸಿನಿಮಾದಲ್ಲಿ ಅಂಥ ಪ್ರಶ್ನೆಗಳು ಎರಡೇ. ಒಂದು ಪ್ರೀತಿಯ ಬಗ್ಗೆ, ಇನ್ನೊಂದು ಚರ್ಚ್ ಮತ್ತು ನಂಬಿಕೆಯ ಬಗ್ಗೆ. ಎರಡನೆಯದಕ್ಕೆ ಬಿಲ್ ತಲೆ ತಗ್ಗಿಸಿ ತುಂಬಾ ಹೊತ್ತು ಸುಮ್ಮನಿರುತ್ತಾರೆ. ಆ ಮೌನವನ್ನು ಪ್ರೆಸ್ ಕತ್ತರಿಸಲಿಲ್ಲ. ನೀವು ಕೇಳಿದಾಗಲೂ ಹಾಗೇ ಆದರೆ ಮಧ್ಯೆ ಮಾತು ತೂರಿಸಬೇಡಿ, ಕ್ಯಾಮೆರಾ ಅಲುಗಿಸಬೇಡಿ, ಅವರು ತಲೆ ಎತ್ತುವ ತನಕ ಕಾಯಿರಿ. ಉತ್ತರ ಬೇಡ ಎಂದರೆ ಮುಂದಿನ ವಿಷಯಕ್ಕೆ ಹೋಗಿ.

ಸಿನಿಮಾ ಸಿದ್ಧವಾದ ಮೇಲೆ ಅವರು ಬಂದು ನೋಡಲೇಬೇಕು ಎಂದು ಒತ್ತಾಯ ಮಾಡಬೇಡಿ. ಬಿಲ್ ತಮ್ಮದೇ ಸಿನಿಮಾದ ಮೊದಲ ಪ್ರದರ್ಶನಕ್ಕೆ ಬಂದರು. ಬಂದ ಜನರ ಉಡುಪಿನ ಫೋಟೋ ತೆಗೆದುಕೊಂಡರು. ಒಳಗೆ ಕೂರದೆ ಹೊರಟುಹೋದರು. ಒಂದು ಪ್ರತಿಯನ್ನು ಅವರ ಮನೆಗೆ ಕೊಟ್ಟು ಬನ್ನಿ, ಯಾವಾಗ ನೋಡಬೇಕು ಎಂಬುದು ಅವರಿಗೆ ಬಿಟ್ಟದ್ದು.